ನಮ್ಮ ಫ್ಯಾಮಿಲಿ ಡಾಕ್ಟ್ರು ನಗರಸಭೆ ಎಲೆಕ್ಷನ್‌ಗೆ ನಿಲ್ತಾರಂತೆ, ಅಪ್ಪ ಸೂಚಕರಾಗಬೇಕಂತೆ

ಮೂರನೇ ಕ್ರಾಸ್

ನಮ್ಮದು ನಗರಸಭೆ ಇರುವ ಊರು, ಜಿಲ್ಲಾ ಕೇಂದ್ರ ಅಲ್ಲ. ಹೆಸರು ಹೇಳಲ್ಲ, ಗೊತ್ತಾದವರು ಸುಮ್ನಿರಿ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ನಾನು ಬೆಂಗಳೂರಲ್ಲಿ.

ನಾನು ಹುಟ್ಟುವ ಮುಂಚಿನಿಂದ ನಮ್ಮ ಮನೆಗೆ ಒಬ್ಬರೇ ಡಾಕ್ಟರ್. ಬರೀ ಎಂಬಿಬಿಎಸ್. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಎರಡು ರೂಮಿನ ಕ್ಲಿನಿಕ್. ಹೊರಗೆ ಎರಡು ಮರದ ಬೆಂಚು, ಒಳಗೆ ಹಸಿರು ಪರದೆ. ಫೀಸು 80 ರೂಪಾಯಿ. ಅಜ್ಜಿಯ ಶುಗರ್, ಅಪ್ಪನ ಬಿಪಿ, ನನ್ನ ಟೈಫಾಯಿಡ್, ತಂಗಿ ನುಂಗಿದ ನಾಲ್ಕಾಣೆ, ಎಲ್ಲ ಅವರೇ ನೋಡಿದ್ದು.

ಎರಡು ವರ್ಷದ ಹಿಂದೆ ಊರಿನ ಒಂದೇ ಕಡೆಯಿಂದ ಕಾಮಾಲೆ ಕೇಸುಗಳು ಬರತೊಡಗಿದವು. ಡಾಕ್ಟ್ರು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಅದರಲ್ಲಿ ಯಾರಿಗೆ ಬಂತು ಅಂತಲ್ಲ, ಯಾವ ಬೀದಿ, ಯಾವ ನಲ್ಲಿ ಅಂತ ಬರೆದುಕೊಂಡರು. ನಾಲ್ಕು ಬೀದಿ, 31 ಮನೆ. ನೋಟ್‌ಬುಕ್ ಹಿಡಿದು ನಗರಸಭೆಗೆ ಹೋದರೆ "ಅರ್ಜಿ ಕೊಟ್ಟು ಹೋಗಿ ಸಾರ್" ಅಂದರಂತೆ. ಕೊಟ್ಟರು. ಎಂಟು ತಿಂಗಳಾದ ಮೇಲೆ ಅಗೆದರು. ನೀರಿನ ಪೈಪು ಚರಂಡಿಯೊಳಗೇ ಹಾದುಹೋಗಿತ್ತು. ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು.

ಅವತ್ತೇ ಅವರ ತಲೆಗೆ ಹುಳ ಹೊಕ್ಕಿದ್ದು. ಈಗ ನಮ್ಮ ವಾರ್ಡಿಂದ ನಿಲ್ಲುತ್ತಾರಂತೆ. ದಿನಾಂಕ ಇನ್ನೂ ಘೋಷಣೆ ಆಗಿಲ್ಲ, ಆದರೂ ಮನೆಗೆ ಬಂದು ಅಪ್ಪನನ್ನು "ನನ್ನ ನಾಮಪತ್ರಕ್ಕೆ ಸಹಿ ಹಾಕಿ ನೀವೇ ಸೂಚಕರಾಗಬೇಕು" ಅಂತ ಕೇಳಿ ಹೋಗಿದ್ದಾರೆ. ತೊಂದರೆ ಏನಂದರೆ ಎದುರು ನಿಲ್ಲೋದು ನಮ್ಮ ಪಕ್ಕದ ಮನೆಯವರ ಅಳಿಯ. ಅಮ್ಮನ ಚಿಂತೆ ಇನ್ನೊಂದು. "ಅವರು ಗೆದ್ದರೆ ರಾತ್ರಿ ಎದೆನೋವು ಬಂದಾಗ ಯಾರ ಹತ್ರ ಓಡೋದು? ಸೋತರೆ ಅವರ ಮುಖ ನೋಡೋದು ಹೇಗೆ?"

ನಿಮ್ಮೂರಲ್ಲಿ ಹೀಗೆ ಡಾಕ್ಟ್ರು ರಾಜಕೀಯಕ್ಕೆ ಇಳಿದಿದ್ದಾರಾ? ಆಮೇಲೆ ಏನಾಯಿತು? ಪಕ್ಷದ ಜಗಳ ಬೇಡ, ದಯವಿಟ್ಟು.

ಬಸ್‌ಸ್ಟ್ಯಾಂಡ್ ಬೆಂಚು

ಪಕ್ಷದ ಜಗಳ ಬೇಡ ಅಂದ್ರಲ್ಲ, ಇನ್ನು ಐದನೇ ಕಾಮೆಂಟಿಗೆ ಶುರು ನೋಡಿ.

ರಥಬೀದಿ

ನಮ್ಮ ಉಡುಪಿಯ ಡಾ. ವಿ.ಎಸ್. ಆಚಾರ್ಯರನ್ನು ನೋಡಿ ಮಾರಾಯ್ರೇ. 1968ರಲ್ಲಿ ಪುರಸಭೆ ಅಧ್ಯಕ್ಷರಾದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ದಕ್ಷಿಣ ಭಾರತದಲ್ಲಿ ಜನಸಂಘದ ಕೈಗೆ ಸಿಕ್ಕ ಮೊದಲ ಪುರಸಭೆ ಅದು. ಅವರ ಕಾಲದಲ್ಲೇ ಉಡುಪಿಯಲ್ಲಿ ಮಲ ಹೊರುವ ಪದ್ಧತಿ ನಿಂತದ್ದು. ನನ್ನ ಅಜ್ಜ ಹೇಳುತ್ತಿದ್ದರು, ಬೆಳಗ್ಗೆ ಹಿತ್ತಲ ಓಣಿಯಲ್ಲಿ ಬಕೆಟ್ ಸದ್ದು ಕೇಳಿದರೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರಂತೆ. ಆ ಸದ್ದು ನಿಲ್ಲಿಸಿದ್ದು ಒಬ್ಬ ಡಾಕ್ಟರ್.

ಆಮೇಲೆ ಶಾಸಕರಾದರು, ಗೃಹ ಸಚಿವರೂ ಆದರು. ಆದರೆ ಊರಿನ ಹಳಬರು ಇವತ್ತಿಗೂ ಮಾತಾಡುವುದು ಪುರಸಭೆ ದಿನಗಳ ಬಗ್ಗೆಯೇ.

ಕೆಂಪುಮಣ್ಣು

ರಥಬೀದಿಯವರೇ, ಅಜ್ಜನ ಮಾತು ಸರಿ. ಆದರೆ ಓಣಿಯಲ್ಲಿ ಮಕ್ಕಳನ್ನು ಒಳಗೆ ಕರೆದವರ ಕತೆ ಹೇಳಿದಿರಿ, ಬಕೆಟ್ ಹೊತ್ತವರ ಕತೆ ಯಾರು ಹೇಳೋದು? ಇಡೀ ರಾಜ್ಯದಲ್ಲಿ ಮಲ ಹೊರುವುದನ್ನು ನಿಲ್ಲಿಸಲು ಹೊರಟವರು ಬಿ. ಬಸವಲಿಂಗಪ್ಪನವರು, ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ. ಅವರು ಡಾಕ್ಟರ್ ಅಲ್ಲ, ವಕೀಲರು. ಆ ಅವಮಾನ ಏನು ಅಂತ ಗೊತ್ತಿದ್ದವರು. ದೇಶದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು. ಇವತ್ತಿಗೂ ಮ್ಯಾನ್‌ಹೋಲಿಗೆ ಇಳಿದು ಸಾಯುತ್ತಿದ್ದಾರೆ.

ಡಾಕ್ಟರ್ ಆದ ತಕ್ಷಣ ಚರಂಡಿ ಕಾಣುತ್ತದೆ ಅನ್ನೋದು ಸುಳ್ಳು.

ರಥಬೀದಿ

ಒಪ್ಪಿದೆ. ನಾನು ಅವರೊಬ್ಬರೇ ಅಂತ ಹೇಳಲಿಲ್ಲ. ಪುರಸಭೆ ಮಟ್ಟದಲ್ಲಿ ಅಂತ ಹೇಳಿದ್ದು.

ಬಸ್‌ಸ್ಟ್ಯಾಂಡ್ ಬೆಂಚು

ಮೂರನೇ ಕಾಮೆಂಟಿಗೇ ಶುರುವಾಯ್ತು. ನನ್ನ ಅಂದಾಜು ತಪ್ಪು.

ನಿವೃತ್ತ ಗುಮಾಸ್ತ

ನಾನು 32 ವರ್ಷ ಪುರಸಭೆ, ನಗರಸಭೆಗಳಲ್ಲಿ ಕೆಲಸ ಮಾಡಿದವನು. ಎರಡು ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಚಹಾ ತಗೊಂಡು ಕೂರಿ.

ಜನ ಅಂದುಕೊಳ್ಳುತ್ತಾರೆ, ಡಾಕ್ಟರ್ ಗೆದ್ದರೆ ಸರ್ಕಾರಿ ಆಸ್ಪತ್ರೆ ಸುಧಾರಿಸುತ್ತದೆ ಅಂತ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದ್ದು. ನಗರಸಭೆಯ ಮಾತು ಅಲ್ಲಿ ನಡೆಯಲ್ಲ. ನಗರಸಭೆಯ ಕೈಯಲ್ಲಿರುವುದು ನೀರು, ಚರಂಡಿ, ಕಸ, ಬೀದಿದೀಪ, ಸೊಳ್ಳೆ ಹೊಗೆ, ಜನನ ಮರಣ ಪತ್ರ, ಖಾತೆ, ಮಾಂಸದ ಅಂಗಡಿ ಲೈಸೆನ್ಸ್. ಇದೆಲ್ಲ ಆರೋಗ್ಯದ ಕೆಲಸವೇ, ನಿಜ. ಆದರೆ ಸ್ಟೆತಸ್ಕೋಪ್ ಹಾಕಿಕೊಂಡು ಮಾಡುವ ಕೆಲಸ ಅಲ್ಲ.

ಇನ್ನು ಸದಸ್ಯನ ಅಧಿಕಾರ. ಕೌನ್ಸಿಲ್ ಠರಾವು ಮಾಡುತ್ತದೆ, ಕಡತ ನಡೆಸುವುದು ಪೌರಾಯುಕ್ತರು. ಶಾಸಕರು, ಸಂಸದರು ಕೂಡ ಕೌನ್ಸಿಲಿನ ಸದಸ್ಯರು, ಅವರಿಗೆ ವೋಟೂ ಇದೆ. ಹಾಗಾಗಿ ಅಧ್ಯಕ್ಷರ ಚುನಾವಣೆ ದಿನ ಶಾಸಕರ ಕಾರು ಬಂತೆಂದರೆ ಲೆಕ್ಕ ಬದಲಾಗುತ್ತದೆ. ಅಧ್ಯಕ್ಷಗಿರಿ 30 ತಿಂಗಳು. ಅದೂ ಮೀಸಲಾತಿ ಯಾರಿಗೆ ಬರುತ್ತೆ ಅನ್ನೋದರ ಮೇಲೆ. ನಿಮ್ಮ ಡಾಕ್ಟ್ರು 35 ಜನರಲ್ಲೊಬ್ಬರೋ 31 ಜನರಲ್ಲೊಬ್ಬರೋ ಆಗುತ್ತಾರೆ, ಅಷ್ಟೇ.

2018ರಲ್ಲಿ ಏನಾಯಿತು ನೆನಪಿದೆಯಾ? ಆಗಸ್ಟ್ 31ಕ್ಕೆ ನೂರಕ್ಕೂ ಜಾಸ್ತಿ ಊರುಗಳಲ್ಲಿ ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಬಹುಪಾಲು ಕಡೆ ಕುರ್ಚಿಗೆ ಜನ ಬಂದದ್ದು 2020ರ ಕೊನೆಗೆ. ಗೆದ್ದ ಸದಸ್ಯರು ಎರಡು ವರ್ಷ ಸುಮ್ನೆ ಕೂತರು. ನಡುವೆ ಕೊರೋನಾ. ನಮ್ಮ ಆಫೀಸಿಗೆ ಒಬ್ಬ ಹೊಸ ಸದಸ್ಯ ದಿನಾ ಬಂದು "ನನ್ನ ಕೈಯಲ್ಲಿ ಏನಿದೆ ಹೇಳಿ" ಅಂತ ಕೇಳುತ್ತಿದ್ದ. ನಾನು ಚಹಾ ತರಿಸಿ ಕೊಡುತ್ತಿದ್ದೆ. ಅವನ ಕೈಯಲ್ಲಿ ಅದೇ ಇದ್ದದ್ದು.

ಹೆಂಚಿನ ಮನೆ

ಗುಮಾಸ್ತರೇ, ಚಹಾ ಲೋಟದ ಮಾತಿಗೆ ನಕ್ಕು ನಕ್ಕು ಸಾಕಾಯಿತು. ಆದರೂ ಒಂದು ಪ್ರಶ್ನೆ. ಕ್ಲಿನಿಕ್ ಇಟ್ಟುಕೊಂಡೇ ಸದಸ್ಯರಾಗಬಹುದಾ?

ನಿವೃತ್ತ ಗುಮಾಸ್ತ

ಆಗಬಹುದು. ಸರ್ಕಾರಿ ಡಾಕ್ಟರ್ ಆದರೆ ರಾಜೀನಾಮೆ ಕೊಟ್ಟೇ ನಿಲ್ಲಬೇಕು. ಖಾಸಗಿಯವರಿಗೆ ಅಡ್ಡಿ ಇಲ್ಲ. ನಗರಸಭೆಯ ಗುತ್ತಿಗೆ ಕೆಲಸದಲ್ಲಿ ಪಾಲಿರಬಾರದು. ಮನೆ ಕಂದಾಯ, ನೀರಿನ ಬಾಕಿ ಕಟ್ಟಿ ರಸೀದಿ ಇಟ್ಟುಕೊಳ್ಳಲಿ. ನಾಮಪತ್ರದ ದಿನ ಹಳೇ ಬಾಕಿ ಹುಡುಕಿಕೊಂಡು ಬರುವವರು ಇರುತ್ತಾರೆ.

ಡಾಕ್ಟ್ರ ಮಗಳು

ನಮ್ಮಪ್ಪ ಡಾಕ್ಟರ್. ಒಂದು ಅವಧಿ ಪುರಸಭೆ ಸದಸ್ಯರಾಗಿದ್ದರು. ಇಲ್ಲಿ ಬರೆಯಲೋ ಬೇಡವೋ ಅಂತ ಒಂದು ಗಂಟೆ ಯೋಚಿಸಿದೆ.

ಗೆದ್ದ ಮೊದಲ ವಾರ ಕ್ಲಿನಿಕ್ ತುಂಬಿ ತುಳುಕುತ್ತಿತ್ತು. ಅಪ್ಪನಿಗೆ ಖುಷಿ. ಆಮೇಲೆ ಗಮನಿಸಿದರು, ಬೆಂಚಿನ ಮೇಲೆ ಕೂತವರ ಕೈಯಲ್ಲಿ ಹಳೇ ಮಾತ್ರೆ ಚೀಟಿ ಇಲ್ಲ. ಖಾತಾ ನಕಲು, ನಲ್ಲಿ ಅರ್ಜಿ, ಬೀಗರ ಮನೆ ಮುಂದಿನ ಲೈಟ್ ಕಂಬದ ಫೋಟೋ. ಒಬ್ಬರು ಗಂಟಲು ನೋವು ಅಂತ ಬಂದರು. ಅಪ್ಪ ಬ್ಯಾಟರಿ ಬಿಟ್ಟು "ಆ ಅನ್ನಿ" ಅಂದರು. ಅವರು ಬಾಯಿ ತೆಗೆದುಕೊಂಡೇ "ಆ... ಆ ಮೋರಿ ಕಲ್ಲು ಸಾರ್" ಅಂದರು. ಇದನ್ನು ಮನೆಯಲ್ಲಿ ಎಷ್ಟೋ ವರ್ಷ ಜೋಕ್ ಥರ ಹೇಳಿಕೊಂಡು ನಕ್ಕಿದ್ದೇವೆ.

ನಗದೇ ಇರುವ ಭಾಗ ಬೇರೆ ಇದೆ. ಬಂದವರನ್ನು ಎಲ್ಲರೂ ಎಣಿಸುತ್ತಾರೆ, ಬರದೇ ಹೋದವರನ್ನು ಯಾರೂ ಎಣಿಸಲ್ಲ. ಎದುರು ಪಕ್ಷದವರು ಒಬ್ಬೊಬ್ಬರೇ ಬಿಟ್ಟರು. ಜಗಳ ಏನೂ ಇಲ್ಲ. ಸುಮ್ನೆ ಬರಲಿಲ್ಲ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜ ಇದ್ದರು, ಅಪ್ಪ ಹದಿನೈದು ವರ್ಷ ನೋಡಿದ್ದರು. ಅವರ ಮಗ ಎದುರು ಪಾರ್ಟಿಯ ಏಜೆಂಟ್. ಮಗನಿಗೆ ಮುಜುಗರ, ಅಪ್ಪನ ಕ್ಲಿನಿಕ್ ಮೆಟ್ಟಿಲು ಹತ್ತಿಸಲಿಲ್ಲ. ಬಸ್ಸಲ್ಲಿ ಪಕ್ಕದೂರಿಗೆ ಕರೆದುಕೊಂಡು ಹೋಗುತ್ತಿದ್ದ, ಅದೂ ಪುರುಸೊತ್ತಾದಾಗ. ಕಾಲಿನ ಹುಣ್ಣು ಅಪ್ಪನ ಕಣ್ಣಿಗೆ ಬೀಳುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿತ್ತು. ಸಂತೆಯಲ್ಲಿ ಸಿಕ್ಕಾಗ ಅಪ್ಪ ಅವರನ್ನು ಅಲ್ಲೇ ತರಕಾರಿ ಚೀಲದ ಮೇಲೆ ಕೂರಿಸಿ ಚಪ್ಪಲಿ ಬಿಚ್ಚಿಸಿ ನೋಡಿದ್ದರು. ಮನೆಗೆ ಬಂದು ಊಟ ಮಾಡಲಿಲ್ಲ.

ಎರಡನೇ ಸಲ 41 ವೋಟಿನಲ್ಲಿ ಸೋತರು. "ಈ ವಾರ್ಡಿನಲ್ಲಿ ಒಂದೇ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಹೆರಿಗೆ ಮಾಡಿಸಿದ್ದೆ" ಅಂತ ಒಂದೇ ಮಾತು ಅಂದದ್ದು.

ನಿಲ್ಲಬೇಡಿ ಅಂತ ಹೇಳುತ್ತಿಲ್ಲ. ಆ ಅವಧಿಯಲ್ಲಿ ಅಪ್ಪ ಹಾಕಿಸಿದ ಬೋರ್‌ವೆಲ್‌ನಿಂದ ಇವತ್ತಿಗೂ ನೀರು ಬರುತ್ತಿದೆ.

ಮೂರನೇ ಕ್ರಾಸ್

ಡಾಕ್ಟ್ರ ಮಗಳು, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇದನ್ನು ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. "ನಾನು ಹೇಳಿದ್ದು ಅದೇ" ಅಂದಳು. ಅವಳು ಹೇಳಿದ್ದು ಅದಲ್ಲ.

ಹಳೇ ಹುಬ್ಬಳ್ಳಿ

ಎಲ್ಲ ಅಮ್ಮಂದಿರೂ ಅದನ್ನೇ ಹೇಳಿರುತ್ತಾರೆ.

ನಮ್ಮ ಕಡೆ ಡಾ. ನಾ.ಸು. ಹರ್ಡೀಕರರು ಇದ್ದರು. ವಿಜಾಪುರ ಜಿಲ್ಲೆಯ ತಿಡಗುಂದಿಯವರು, ಅಮೆರಿಕಕ್ಕೆ ಹೋಗಿ ಓದಿ ಬಂದವರು. 1923ರಲ್ಲಿ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ ಹಿಂದುಸ್ತಾನಿ ಸೇವಾದಳ ಕಟ್ಟಿದ್ದು ಅವರೇ, ಹುಬ್ಬಳ್ಳಿಯೇ ಅವರ ಕೇಂದ್ರ. ಆಗಿನ ಡಾಕ್ಟರುಗಳು ರಾಜಕೀಯಕ್ಕೆ ಹೋದರೆ ಜೈಲು ಸಿಗುತ್ತಿತ್ತು. ಈಗ ಹೋದರೆ ನರ್ಸಿಂಗ್ ಹೋಂಗೆ ಇನ್ನೆರಡು ಮಹಡಿ.

ಬೆಳಗಿನ ಓಪಿಡಿ

ನಾನೂ ಡಾಕ್ಟರ್, ತಾಲ್ಲೂಕು ಊರಲ್ಲಿ. "ಇನ್ನೆರಡು ಮಹಡಿ" ಅಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು ಬಾಡಿಗೆ ಮನೆಯಲ್ಲಿದ್ದೇನೆ.

ಆ ನೋಟ್‌ಬುಕ್ ವಿಷಯಕ್ಕೆ ಬರುತ್ತೇನೆ. ಈ ಚರ್ಚೆಯಲ್ಲಿ ಮುಖ್ಯವಾದದ್ದು ಅದೇ. ಕಾಮಾಲೆ ವೈರಸ್ ಮೈಗೆ ಸೇರಿದ ದಿನವೇ ಕಣ್ಣು ಹಳದಿ ಆಗಲ್ಲ. ನೀರಿಂದ ಬರುವ ಎ ಥರದ್ದಕ್ಕೆ (ಹೆಪಟೈಟಿಸ್ ಎ) ಎರಡರಿಂದ ಆರು ವಾರ ಬೇಕು. ಅಂದರೆ ಡಾಕ್ಟ್ರ ಹತ್ತಿರ ಮೊದಲ ಕೇಸು ಬರುವಾಗ ಪೈಪು ಒಡೆದು ತಿಂಗಳಾಗಿರುತ್ತದೆ. ಅಷ್ಟರಲ್ಲಿ ಇಂಜಿನಿಯರ್ ಬಂದು ನಲ್ಲಿ ನೀರು ನೋಡಿ "ತಿಳಿಯಾಗಿದೆಯಲ್ಲ ಸಾರ್" ಅನ್ನುತ್ತಾರೆ. ತಿಳಿ ಇದ್ದರೆ ಸಾಲದು. ಕ್ಲೋರೋಸ್ಕೋಪ್ ಅಂತ ಒಂದು ಪುಟ್ಟ ಡಬ್ಬಿ ಬರುತ್ತದೆ. ನೀರಿಗೆ ಎರಡು ಹನಿ ಔಷಧಿ ಹಾಕಿದರೆ ಹಳದಿ ಬಣ್ಣ ಬರಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕ್ ಹತ್ತಿರ ನೋಡಿ ಬರೆದುಕೊಂಡರೆ ಅದು ಲೆಕ್ಕಕ್ಕಿಲ್ಲ.

ಡೆಂಗಿಯೂ ಹಾಗೇ. ಅದರ ಸೊಳ್ಳೆ ಚರಂಡಿಯಲ್ಲಿ ಅಲ್ಲ, ಮನೆಯ ಡ್ರಮ್ಮು, ಹೂಕುಂಡದ ತಟ್ಟೆ, ಒಡೆದ ಟೈರಿನ ಚೊಕ್ಕ ನೀರಿನಲ್ಲಿ ಮೊಟ್ಟೆ ಇಡುವುದು. ಜನಕ್ಕೆ ಹೊಗೆ ಗಾಡಿ ಬೇಕು, ಯಾಕೆಂದರೆ ಅದು ಕಾಣುತ್ತದೆ, ಸದ್ದು ಮಾಡುತ್ತದೆ. ಡ್ರಮ್ಮು ಮಗುಚಿ ಅಂದರೆ ವೋಟು ಹೋಗುತ್ತದೆ. ಡಾಕ್ಟರ್ ಆಗಿದ್ದರೆ "ಮಗುಚಿ" ಅನ್ನಬಹುದು. ಸದಸ್ಯ ಆದ ಮೇಲೆ ಹೊಗೆ ಗಾಡಿ ಹಿಂದೆ ನಡೆದು ಫೋಟೋ ತೆಗೆಸಿಕೊಳ್ಳಬೇಕು. ನನ್ನ ಭಯ ಅದೇ.

ಸಕ್ಕರೆ ನಾಡು

ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲವೇ ಇಲ್ಲ. ನಮ್ಮ ಊರ ಹತ್ತಿರ ಒಬ್ಬರು ನೆಲನೆಲ್ಲಿ ಅರೆದು ಹಾಲಲ್ಲಿ ಕೊಡುತ್ತಾರೆ. ಮೂರು ದಿನ. ಖಾರ ಎಣ್ಣೆ ಮುಟ್ಟಬಾರದು.

ಬೆಳಗಿನ ಓಪಿಡಿ

ಎ ಥರದ್ದು ಬಹಳ ಜನಕ್ಕೆ ತಾನಾಗಿಯೇ ಇಳಿಯುತ್ತದೆ, ಸೊಪ್ಪು ಕೊಟ್ಟರೂ ಕೊಡದಿದ್ದರೂ. ಗರ್ಭಿಣಿಯರಿಗೆ ಇ ಥರದ್ದು ಬಂದರೆ ಜೀವಕ್ಕೆ ಅಪಾಯ. ದಯವಿಟ್ಟು ಅವರನ್ನು ಸೊಪ್ಪಿನ ಹತ್ತಿರ ಕಳಿಸಬೇಡಿ.

ಸಕ್ಕರೆ ನಾಡು

ನಮ್ಮ ಮಾವನಿಗೆ ಇಳಿಯಿತು.

ಬೆಳಗಿನ ಓಪಿಡಿ

ಇಳಿಯುತ್ತದೆ ಅಂತಲೇ ಹೇಳಿದ್ದು ಸಾರ್.

ಹೆಂಚಿನ ಮನೆ

ಪಥ್ಯಕ್ಕೆ ಮಜ್ಜಿಗೆ ಅನ್ನ ಓಕೆನಾ?

ಬಿಸಿಲೂರು

ವಿಷಯಕ್ಕೆ ಬನ್ನಿ. ನಮ್ಮ ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ ಓದಿದ ಒಬ್ಬರು ಆಂಧ್ರದ ಮುಖ್ಯಮಂತ್ರಿ ಆದರು ಗೊತ್ತಾ? ವೈ.ಎಸ್. ರಾಜಶೇಖರ ರೆಡ್ಡಿ. ಎಂಬಿಬಿಎಸ್ ಮುಗಿಸಿ ಊರಿಗೆ ಹೋಗಿ ಪುಲಿವೆಂದುಲದಲ್ಲಿ ಅಪ್ಪನ ಹೆಸರಲ್ಲಿ ಆಸ್ಪತ್ರೆ ಇಟ್ಟರು. ಅಲ್ಲಿ ಒಂದು ರೂಪಾಯಿ ಡಾಕ್ಟರ್ ಅಂತಲೇ ಹೆಸರು. 1978ರಲ್ಲಿ ಶಾಸಕ. ಮುಖ್ಯಮಂತ್ರಿ ಆದ ಮೇಲೆ ಆರೋಗ್ಯಶ್ರೀ ತಂದರು, ಬಡವರ ದೊಡ್ಡ ಆಪರೇಷನ್‌ಗಳಿಗೆ. ಕ್ಲಿನಿಕ್ಕಿನಲ್ಲಿ ಕೂತು ನೋಡಿದ್ದರಿಂದಲೇ ಅದು ಹೊಳೆದಿದ್ದು ಅಂತ ನನ್ನ ನಂಬಿಕೆ.

ಇನ್ನು ನಮ್ಮವರೇ ಡಾ. ಉಮೇಶ ಜಾಧವ. ಸರ್ಕಾರಿ ಸರ್ಜನ್ ಆಗಿದ್ದವರು. ಚಿಂಚೋಳಿಯಿಂದ ಎರಡು ಸಲ ಶಾಸಕ. 2019ರಲ್ಲಿ ಪಕ್ಷ ಬದಲಿಸಿ, ಅಲ್ಲಿಯ ತನಕ ಒಂದು ಎಲೆಕ್ಷನ್ನೂ ಸೋಲದ ಖರ್ಗೆಯವರನ್ನು 95 ಸಾವಿರ ವೋಟಿಗೂ ಮೇಲೆ ಸೋಲಿಸಿದರು. 2024ರಲ್ಲಿ ತಾವೇ ಸೋತರು.

ಹಳೇ ಹುಬ್ಬಳ್ಳಿ

ರಾಜಶೇಖರ ರೆಡ್ಡಿ ಡಾಕ್ಟರ್ ಆಗಿ ಎಷ್ಟು ದಿನ ಇದ್ದರು ಸಾರ್? ಅವರ ಮನೆಯದೇ ರಾಜಕೀಯ, ಊರೇ ಅವರದ್ದು. ಒಂದು ರೂಪಾಯಿ ಫೀಸು ಅನ್ನೋದು ವೈದ್ಯವೂ ಹೌದು, ವೋಟಿನ ಬಿತ್ತನೆಯೂ ಹೌದು.

ಬಿಸಿಲೂರು

ಹಾಗಾದರೆ ಬಿತ್ತೋದೇ ತಪ್ಪಾ? ಬೆಳೆ ನೋಡಿ ಮಾತಾಡಿ.

ಸಕ್ಕರೆ ನಾಡು

ಫೀಸಿನ ಮಾತು ಬಂತು ಅಂತ. ನಮ್ಮ ಮಂಡ್ಯದ ಡಾ. ಶಂಕರೇಗೌಡರು ಐದು ರೂಪಾಯಿ ಡಾಕ್ಟರ್ ಅಂತಲೇ ಹೆಸರಾದವರು. ಚರ್ಮದ ಡಾಕ್ಟರ್. ಬೆಳಗ್ಗೆ ಕ್ಯೂ ನೋಡಬೇಕು ನೀವು.

ಕೆಂಪುಮಣ್ಣು

ಈ ಚರ್ಚೆಯಲ್ಲಿ ದೊಡ್ಡವರ ಹೆಸರೇ ಬರುತ್ತಿದೆ. ಮುಖ್ಯಮಂತ್ರಿ, ಸಂಸದ, ಸಚಿವ. ಪ್ರಶ್ನೆ ಇರೋದು ಒಂದು ವಾರ್ಡಿನದ್ದು. ವಾರ್ಡಿಂದ ಶುರು ಮಾಡಿದ ಡಾಕ್ಟರ್ ಯಾರಾದರೂ ಇದ್ದರೆ ಹೇಳಿ.

ಬಿಸಿಲೂರು

ರಮಣ್ ಸಿಂಗ್. ಛತ್ತೀಸ್‌ಗಢದ ಕವರ್ಧಾ ಅನ್ನೋ ಸಣ್ಣ ಊರಲ್ಲಿ ಆಯುರ್ವೇದ ಡಾಕ್ಟರ್. 80ರ ದಶಕದಲ್ಲಿ ಅಲ್ಲೇ ಮುನ್ಸಿಪಾಲಿಟಿ ಸದಸ್ಯ. ಆಮೇಲೆ 15 ವರ್ಷ ಮುಖ್ಯಮಂತ್ರಿ.

ಬಸ್‌ಸ್ಟ್ಯಾಂಡ್ ಬೆಂಚು

ಮತ್ತೆ ಮುಖ್ಯಮಂತ್ರಿಗೇ ಬಂದು ನಿಂತಿತು!

ರಥಬೀದಿ

ಬಿ.ಸಿ. ರಾಯ್ ಹೆಸರು ಯಾರೂ ಹೇಳಲಿಲ್ಲ. ಕಲ್ಕತ್ತಾದ ಮೇಯರ್ ಆಗಿದ್ದವರು, ಆಮೇಲೆ ಬಂಗಾಳದ ಮುಖ್ಯಮಂತ್ರಿ. ಮುಖ್ಯಮಂತ್ರಿ ಆದ ಮೇಲೂ ದಿನಾ ಬೆಳಗ್ಗೆ ಬಡ ರೋಗಿಗಳನ್ನು ಫೀಸಿಲ್ಲದೆ ನೋಡುತ್ತಿದ್ದರು. ಜುಲೈ 1ಕ್ಕೆ ವೈದ್ಯರ ದಿನ ಅಂತ ಮಾಡುವುದು ಅವರ ನೆನಪಿಗೇ. ಅಂದರೆ ಎರಡನ್ನೂ ಒಟ್ಟಿಗೆ ಮಾಡಬಹುದು.

ಡಾಕ್ಟ್ರ ಮಗಳು

ಮುಖ್ಯಮಂತ್ರಿಗೆ ಅದು ಸುಲಭ ಸಾರ್. ಬಾಗಿಲಲ್ಲಿ ಪೊಲೀಸ್ ಇರುತ್ತಾರೆ, ಮೋರಿ ಕಲ್ಲಿನವರು ಒಳಗೆ ಬರಲ್ಲ. ವಾರ್ಡ್ ಸದಸ್ಯನ ಮನೆಗೆ ಬೆಳಗ್ಗೆ ಐದೂವರೆಗೆ ಬರುತ್ತಾರೆ. ಅಮ್ಮ ರಂಗೋಲಿ ಹಾಕುತ್ತಿದ್ದರೆ ಅದರ ಪಕ್ಕದಲ್ಲೇ ನಿಂತು "ನೀರು ಬಂದಿಲ್ಲ ಅಕ್ಕ" ಅನ್ನುತ್ತಾರೆ. ನಮ್ಮ ಮನೆಗೂ ಬಂದಿರುತ್ತಿರಲಿಲ್ಲ. ಅದನ್ನು ಹೇಳಿದರೆ ನಂಬುತ್ತಿರಲಿಲ್ಲ.

ಕಸದ ಗಾಡಿ

ನಾನು ಒಂದು ನಗರಸಭೆಯ ಆರೋಗ್ಯ ವಿಭಾಗದಲ್ಲಿದ್ದೇನೆ. ಹೆಸರು, ಊರು ಹೇಳಲ್ಲ. ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಡಾಕ್ಟ್ರ ಕ್ಲಿನಿಕ್ಕಿನ ಸೂಜಿ ಎಲ್ಲಿಗೆ ಹೋಗುತ್ತದೆ?

ಆಸ್ಪತ್ರೆ, ಕ್ಲಿನಿಕ್ ಕಸಕ್ಕೆ 2016ರ ನಿಯಮ ಇದೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ, ಸಲೈನ್ ಪೈಪು ಕೆಂಪಿಗೆ, ಗಾಜಿನ ಬಾಟಲಿ ನೀಲಿಗೆ. ಅದಕ್ಕೆ ಬೇರೆ ಗಾಡಿ ಬರುತ್ತದೆ, ತಿಂಗಳಿಗೆ ದುಡ್ಡು ಕಟ್ಟಬೇಕು. ಸಣ್ಣ ಕ್ಲಿನಿಕ್‌ಗಳಲ್ಲಿ ಕೆಲವರು ಉಳಿಸೋಕೆ ನೋಡುತ್ತಾರೆ. ಎಲ್ಲ ಒಂದೇ ಕವರಿಗೆ ಹಾಕಿ ಬೆಳಗ್ಗೆ ನಮ್ಮ ಗಾಡಿಗೆ ಎಸೆಯುತ್ತಾರೆ. ಒಣ ಕಸ ಬೇರೆ ಮಾಡುವಾಗ ನಮ್ಮ ಪೌರಕಾರ್ಮಿಕ ಹೆಂಗಸೊಬ್ಬರ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಗ್ಲೌಸ್ ಹಾಕಿದ್ದರು, ಸೂಜಿಗೆ ಗ್ಲೌಸ್ ಯಾವ ಲೆಕ್ಕ? ಆರು ತಿಂಗಳು ಮತ್ತೆ ಮತ್ತೆ ರಕ್ತ ಪರೀಕ್ಷೆ. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ಆರು ತಿಂಗಳು ಅವರು ಮೊಮ್ಮಗುವಿಗೆ ಕೈತುತ್ತು ಕೊಡಲಿಲ್ಲ.

ಡಾಕ್ಟರ್ ಸದಸ್ಯ ಆದರೆ ಇಂಥ ಕ್ಲಿನಿಕ್ಕಿಗೆ ದಂಡ ಹಾಕಿಸುತ್ತಾರಾ? ಅದೂ ತಮ್ಮದೇ ಸಂಘದ ಗೆಳೆಯರಿಗೆ? ಅದು ಹೇಳಿ, ಆಮೇಲೆ ನನ್ನ ವೋಟು.

ಬೆಳಗಿನ ಓಪಿಡಿ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗೆ ಎಸೆಯುವವರಿದ್ದಾರೆ, ನಿಜ. ನಾಚಿಕೆಯಾಗುತ್ತದೆ.

ಮೂರನೇ ಕ್ರಾಸ್

ಕಸದ ಗಾಡಿಯವರೇ, ನನಗೆ ಗೊತ್ತಿರಲಿಲ್ಲ. ಕೇಳುತ್ತೇನೆ. ನಿಜವಾಗಲೂ ಕೇಳುತ್ತೇನೆ.

ಹೆಂಚಿನ ಮನೆ

ಇನ್ನೊಂದು ಯೋಚಿಸಿ. ಇಷ್ಟು ದಿನ ಬಡವರ ಹತ್ತಿರ ಫೀಸು ತಗೊಂಡಿಲ್ಲ ಅಂದರೆ ಅದು ದೊಡ್ಡ ಮನಸ್ಸು. ನಾಮಪತ್ರ ಹಾಕಿದ ಮಾರನೇ ದಿನದಿಂದ ಅದೇ ಆಮಿಷ. ಎದುರಿನವರು ಬೆಂಚಿನ ಎದುರಿಗೆ ಮೊಬೈಲ್ ಹಿಡಿದುಕೊಂಡು ಕೂರುತ್ತಾರೆ. ಸ್ಯಾಂಪಲ್ ಮಾತ್ರೆ ಕೊಟ್ಟರೂ ವೀಡಿಯೋ.

ನಿವೃತ್ತ ಗುಮಾಸ್ತ

ಹೆಂಚಿನ ಮನೆಯವರು ಹೇಳಿದ್ದು ಸರಿ. ನೀತಿ ಸಂಹಿತೆ ಬಂದ ಮೇಲೆ ಎಲ್ಲರ ಹತ್ತಿರ ಫೀಸು ತಗೊಳ್ಳಲಿ, ಚೀಟಿ ಕೊಡಲಿ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಉಚಿತ ಶಿಬಿರ ಅಂತೂ ಬೇಡವೇ ಬೇಡ.

ಹಳೇ ಹುಬ್ಬಳ್ಳಿ

ಅಂದರೆ ಬಡವರ ಡಾಕ್ಟರ್ ಎಲೆಕ್ಷನ್‌ಗೆ ನಿಂತ ಕೂಡಲೇ ಬಡವರು ದುಡ್ಡು ಕೊಡಬೇಕು. ಭಾರಿ ಪ್ರಜಾಪ್ರಭುತ್ವ.

ಕೆಂಪುಮಣ್ಣು

ಇಷ್ಟೆಲ್ಲ ಮಾತಾಡಿದರೂ ಜಾತಿ ಲೆಕ್ಕ ಯಾರೂ ಎತ್ತಲಿಲ್ಲ, ಆಶ್ಚರ್ಯ. ಆ ವಾರ್ಡ್ ಯಾವ ಮೀಸಲಾತಿ? ಅದು ಬದಲಾದರೆ ಈ ಚರ್ಚೆಯೇ ಬೇಕಾಗಿಲ್ಲ. ಮಹಿಳೆಗೆ ಬಂದರೆ ಡಾಕ್ಟ್ರ ಹೆಂಡತಿ ಹೆಸರಲ್ಲಿ ನಾಮಪತ್ರ ಹೋಗುತ್ತದೆ, ಪೋಸ್ಟರಲ್ಲಿ ಇಬ್ಬರ ಫೋಟೋ. ನೋಡಿಲ್ವಾ?

ಮೂರನೇ ಕ್ರಾಸ್

ಹೋದ ಸಲ ಸಾಮಾನ್ಯ. ಈ ಸಲ ಗೊತ್ತಿಲ್ಲ. ಡಾಕ್ಟ್ರ ಹೆಂಡತಿ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವರು. ಅವರು ನಿಂತರೆ ಊರಿಗೆ ಇನ್ನೂ ಒಳ್ಳೆಯದು ಅಂತ ಅಪ್ಪನ ಅಭಿಪ್ರಾಯ. ಬಜೆಟ್ ಓದೋಕೆ ಬರುತ್ತದೆ.

ನಿವೃತ್ತ ಗುಮಾಸ್ತ

ಬಜೆಟ್ ಓದುವ ಸದಸ್ಯರನ್ನು ನಾನು 32 ವರ್ಷದಲ್ಲಿ ಇಬ್ಬರನ್ನು ನೋಡಿದ್ದೇನೆ. ಅದರಲ್ಲಿ ಒಬ್ಬರು ಮೇಡಂ. ಅವರಿಗೇ ನಿಲ್ಲೋಕೆ ಹೇಳಿ.

ಮೂರನೇ ಕ್ರಾಸ್

ಅಪ್‌ಡೇಟ್. ಶನಿವಾರ ಊರಿಗೆ ಹೋಗಿದ್ದೆ. ಅಪ್ಪ ಅಮ್ಮನ ಜೊತೆ ನಾನೂ ಕ್ಲಿನಿಕ್ಕಿಗೆ ಹೋದೆ.

ಮೊದಲು ಸೂಜಿ ಪ್ರಶ್ನೆ ಕೇಳಿದೆ. ಡಾಕ್ಟ್ರು ಮಾತಾಡಲಿಲ್ಲ, ಎದ್ದು ಪರದೆ ಸರಿಸಿದರು. ಹಳದಿ ಚೀಲ ಇತ್ತು, ಬಿಳಿ ಡಬ್ಬಿ ಇತ್ತು. ಕೆಂಪು ಚೀಲ ಇರಲಿಲ್ಲ. "ಸಲೈನ್ ಹಾಕೋದು ಅಪರೂಪ, ಹಾಕಿದಾಗ ಹಳದಿಗೇ ಹೋಗುತ್ತೆ. ತಪ್ಪು. ಸೋಮವಾರ ತರಿಸುತ್ತೇನೆ" ಅಂದರು. ಗೆಳೆಯರಿಗೆ ದಂಡ ಹಾಕಿಸುತ್ತೀರಾ ಅಂದೆ. ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸಿ, "ಮೊದಲ ಸಲ ಫೋನ್ ಮಾಡಿ ಹೇಳುತ್ತೇನೆ" ಅಂದರು. ಎರಡನೇ ಸಲದ ಬಗ್ಗೆ ಹೇಳಲಿಲ್ಲ. ಕಸದ ಗಾಡಿಯವರೇ, ನೀವೇ ಲೆಕ್ಕ ಹಾಕಿಕೊಳ್ಳಿ.

ಅಪ್ಪ ಸೂಚಕರಾಗಲು ಒಪ್ಪಿದರು. ಒಂದೇ ಷರತ್ತು, ಬೆಳಗ್ಗೆ ಎಂಟರಿಂದ ಹನ್ನೊಂದು ಕ್ಲಿನಿಕ್ ಒಳಗೆ ವಾರ್ಡಿನ ಮಾತು ಇಲ್ಲ. ಪಕ್ಕದ ಮನೆಯವರಿಗೂ ತಾವೇ ಹೋಗಿ ಹೇಳಿ ಬಂದರು. ಅವರು ಕಾಫಿ ಕೊಟ್ಟರಂತೆ. ಸಕ್ಕರೆ ಕಡಿಮೆ ಇತ್ತಂತೆ. ಅದು ಶುಗರ್ ಇರೋದಕ್ಕಾ ಬೇರೆ ಏನಾದರೂನಾ ಅಂತ ಅಪ್ಪ ಇನ್ನೂ ಯೋಚಿಸುತ್ತಿದ್ದಾರೆ.

ಹೊರಡುವಾಗ ಡಾಕ್ಟ್ರು ಅಪ್ಪನ ಬಿಪಿ ನೋಡಿದರು. 150/94. "ರಾಜಕೀಯ ಮಾತಾಡಿದ್ದಕ್ಕೆ ಏರಿದೆ, ಇದನ್ನು ಬರೆಯಲ್ಲ, ಬುಧವಾರ ಮತ್ತೆ ಬನ್ನಿ" ಅಂದರು. ಫೀಸು ಬೇಡ ಅಂದರು. ಅಮ್ಮ ಕೇಳಲಿಲ್ಲ, ಇಲ್ಲಿ ನೀವೆಲ್ಲ ಬರೆದಿದ್ದನ್ನು ನಾನು ಓದಿ ಹೇಳಿದ್ದೆನಲ್ಲ. ನೂರರ ನೋಟು ಮೇಜಿನ ಮೇಲೆ ಇಟ್ಟಳು. ಕಾಂಪೌಂಡರ್ ಹತ್ತಿರ ಚಿಲ್ಲರೆ ಇರಲಿಲ್ಲ. ಚೀಟಿ ಹಿಂದೆ 20 ಅಂತ ಬರೆದು ಕೊಟ್ಟಿದ್ದಾನೆ.

ಬಸ್‌ಸ್ಟ್ಯಾಂಡ್ ಬೆಂಚು

ಥೇಟ್ ಕೆಎಸ್‌ಆರ್‌ಟಿಸಿ ಕಂಡಕ್ಟರ್! ಆ 20 ರೂಪಾಯಿ ನೀತಿ ಸಂಹಿತೆ ಬರೋದರೊಳಗೆ ಇಸ್ಕೊಂಡುಬಿಡಿ. ಆಮೇಲೆ ವಾಪಸ್ ಕೊಟ್ಟರೆ ಮತದಾರರಿಗೆ ಹಣ ಹಂಚಿದರು ಅಂತ ವೀಡಿಯೋ ಬರುತ್ತೆ.